ಕುಟ್ಟುವ ಬಂಡೆ ಸುಮ್ಮನಾದ ವಾರ

ಕಲಂಡಾ, ಬಿಯೆ ಸೀಮೆ
ಆಗಸ್ಟ್ ೧೯

ಪ್ರೀತಿಯ ಮಗಳು ಕಸಿಂಡಾ,

ಲುವಾಂಡಾ ಮಹಾನಗರದ ಸಮಸ್ತ ಪ್ರಜೆಗಳ ಗಮನಕ್ಕೆ: ನಿನ್ನಪ್ಪ ಈ ವಾರವಿಡೀ ತಂಗಳು ಮುದ್ದೆ ತಿಂದಿದ್ದಾನೆ! ಪತ್ರಿಕೆಯವರು ಇನ್ನೂ ಬಂದಿಲ್ಲ. ಅದಿರಲಿ, ನಿನ್ನ ಕೆಮ್ಮು ಹೇಗಿದೆ? ಮೊಮ್ಮಗಳಿಗೆ ಹಲ್ಲು ಬಂತೇ? ನನ್ನ ಮಂಡಿ ಎಂದಿನಂತೆ ನನ್ನ ಮಾತು ಕೇಳುತ್ತಿಲ್ಲ; ಈ ಮನೆಯಲ್ಲಿ ಕೇಳದಿರುವುದು ಅದೊಂದೇ ಅಲ್ಲ ಬಿಡು.

ತಂಗಳಿಗೆ ಕಾರಣ ನಮ್ಮ ಹೊಳೆದಂಡೆಯ ಹೊಲ. ಯುದ್ಧದಲ್ಲಿ ಯಾರೋ ನೆಲಬಾಂಬು ಹೂತುಹೋದ ಮೇಲೆ ಕೆಂಪು ಬಳಿದ ಕಲ್ಲುಗಳಾಚೆ ಹಾಳುಬಿದ್ದಿದೆಯಲ್ಲ, ಅದನ್ನು ಪರೀಕ್ಷಿಸಲು ಜನ ಬಂದಿದ್ದರು. ಸರಿಯಿದೆ ಎಂದರೆ ಈ ಮಳೆಗೇ ಬಿತ್ತನೆ. ಇಲ್ಲವೆಂದರೆ ನಮ್ಮ ಕಾಲಕ್ಕಿಲ್ಲ. ಅವರದು ವಿಚಿತ್ರ ಯಂತ್ರ. ದೊಡ್ಡ ಸ್ಪೀಕರು ನೆಲಕ್ಕೆ ಗುಂಯ್ ಎಂದು ಕೂಗುತ್ತದೆ; ಮಣ್ಣು ಎಷ್ಟು ನಡುಗಿತೆಂದು ಒಂದು ಬೆಳಕಿನ ಕಿರಣ ದೂರದಿಂದಲೇ ನೋಡುತ್ತದೆ. ಕೆಳಗೆ ಬಾಂಬಿನ ಟೊಳ್ಳು ಡಬ್ಬಿಯಿದ್ದರೆ ಮೇಲಿನ ಮಣ್ಣು ಬಿಗಿದ ಡೋಲಿನ ಚರ್ಮದಂತೆ ಕುಣಿಯುತ್ತದಂತೆ. ಮೊದಲ ದಿನ ಹೊಲಕ್ಕೆ ಹೊಲವೇ ಕುಣಿಯಿತು! ಯಂತ್ರದ ಹುಡುಗಿ ದೊಮಿಂಗಾಸ್ ಬೆವತುಹೋದಳು. ನೋಡಿದರೆ, ಪಕ್ಕದ ಬಂಡೆಯ ಮೇಲೆ ನಿನ್ನಮ್ಮ ಊರ ಹೆಂಗಸರ ಸೈನ್ಯಸಮೇತ ಮೆಕ್ಕೆಜೋಳ ಕುಟ್ಟುತ್ತಿದ್ದಾಳೆ. ಬೆಳಗ್ಗೆ ಕುಟ್ಟಬೇಡಿ ಅಮ್ಮಾ ಎಂದು ಆ ಹುಡುಗಿ ಕೈಮುಗಿದರೆ, ನಿನ್ನಮ್ಮ ಒನಕೆ ಕೆಳಗಿಡದೆ, "ಕುಟ್ಟದಿದ್ರೆ ಮಧ್ಯಾಹ್ನ ಏನೇ ತಿಂತೀಯ? ನಿನ್ನ ಸ್ಪೀಕರನ್ನೇ ಬೇಯಿಸಿ ಹಾಕ್ಲಾ?" ಎಂದಳು. ಆಮೇಲೆ ಹೊಲದ ಕಡೆ ಒಮ್ಮೆ ನೋಡಿ, "ಸುಮ್ನಿರ್ರೇ ಎಲ್ರೂ, ನೆಲ ಮಾತಾಡ್ಲಿ" ಎಂದು ಕೂತುಬಿಟ್ಟಳು. ಅಂದಿನಿಂದ ವಾರವಿಡೀ ಬೆಳಗ್ಗೆ ಕುಟ್ಟುವುದಿಲ್ಲ, ಹಿಂದಿನ ರಾತ್ರಿಯ ಮುದ್ದೆಯೇ ಗತಿ.

ಆ ಬೆಳಗು ನನಗೆ ಹಿತವೆನಿಸಲಿಲ್ಲ ಮಗಳೇ. ಒನಕೆ ನಿಂತರೆ ಊರು ಕಾಡಿಗೆ ಓಡಿದೆ ಎಂದರ್ಥವಿದ್ದ ಕಾಲ ನೆನಪಾಯಿತು. ಆದರೆ ಆ ಮೌನದಲ್ಲಿ ಒಂದೇ ಒಂದು ಜಾಗ ಕುಣಿಯಿತು. ಅಲ್ಲಿದ್ದದ್ದನ್ನು ಸಿಡಿಸಿ, ಉಳಿದ ನೆಲವನ್ನು ಮತ್ತೆ ತಡಕಿ, ನಿನ್ನೆ ನಮ್ಮ ಕಣ್ಣೆದುರೇ ಹೊಲದ ತುಂಬ ನಡೆದು ತೋರಿಸಿ ಒಪ್ಪಿಸಿಹೋದರು. ಹೊಲ ನಮ್ಮದಾಯಿತು!

ಅಳಿಯಂದಿರಿಗೆ ನಮಸ್ಕಾರ, ಮೊಮ್ಮಗಳ ಬೋಳುಬಾಯಿಗೆ ಮುತ್ತು. ನೀವೆಲ್ಲ ತಣ್ಣಗಿರಿ.

ನಿನ್ನಪ್ಪ,
ಸಪಾಲೊ

ಮರೆತೆ: ಆ ಕುಣಿದ ಜಾಗ ಎಲ್ಲಿತ್ತೆಂದು ಬರೆಯಲಿಲ್ಲ. ನಿನ್ನಮ್ಮ ಯಾರಿಗೂ ಹೇಳದೆ ಕೆಂಪು ಕಲ್ಲಿನಾಚೆ ವರ್ಷವರ್ಷವೂ ಕುಂಬಳದ ಪಾತಿ ಮಾಡುತ್ತಿದ್ದಳಂತೆ. ಬಾಂಬು ಇದ್ದದ್ದು ಅದರಿಂದ ಒಂದೇ ಗೇಣು ಆಚೆ. ಮೊದಲ ವರ್ಷ ನೀನು ಅವಳ ಬೆನ್ನಮೇಲಿದ್ದೆ. ಈಗ ಅವಳು ಹೊಲಕ್ಕೆ ಕಾಲೇ ಇಡುತ್ತಿಲ್ಲ. ನೀನು ಬೈಯಬೇಡ, ಅಳಲೂಬೇಡ. ಲುವಾಂಡಾದಲ್ಲಿ ಒಳ್ಳೆಯ ಕುಂಬಳಬೀಜ ಸಿಗುವುದಿಲ್ಲ, ಹೊಳೆದಂಡೆಯ ಹೊಲದಲ್ಲೇ ಬಿತ್ತಿ ಬೆಳೆದು ನಾಲ್ಕು ಕಳಿಸಮ್ಮಾ ಅಂತ ಒಂದು ಸಾಲು ಬರೆದು ಹಾಕು. ನಾನು ಓದಿ ಹೇಳುತ್ತೇನೆ.