ಎಡಭುಜದ ಅಳತೆ

ಮನೆಯಿಂದ, ಮಂಗಳವಾರ ಮಧ್ಯಾಹ್ನ

ಅಕ್ಕಾ,

‘ದಿನಾ ನನ್ನ ಫೋಟೊ ತೋರಿಸ್ತಾ ಇರೋ, ಅಮ್ಮ ಮರೆಯೋಕೆ ಬಿಡಬೇಡ’ ಎಂದಿದ್ದೆಯಲ್ಲ, ಅಥವಾ ಅದಕ್ಕೆ ಹತ್ತಿರದ ಇನ್ನೇನನ್ನೋ. ಅಲ್ಲಿಂದಲೇ ಶುರುಮಾಡಬೇಕು. ಅದಕ್ಕೆ ಮೊದಲು, ನೀನು ಹೇಗಿದ್ದೀಯ? ಭುಜಕ್ಕೆ ಯಾರಿಂದಲೋ ವ್ಯಾಯಾಮ ಹೇಳಿಸಿಕೊಳ್ಳುತ್ತಿದ್ದೆ, ನೋವು ಇಳಿಯಿತೇ? ಭಾವನ ಕೆಮ್ಮು? ನಾವೆಲ್ಲ ಚೆನ್ನಾಗಿದ್ದೇವೆ ಎಂದು ಬರೆಯುವುದು ಕೈಗೆ ಅಭ್ಯಾಸವಾಗಿದೆ, ಇರಲಿ.

ಫೋಟೊ ತೋರಿಸಿದೆವು. ಬೆಳಗ್ಗೆ ಮುಖ ತೊಳೆಸಿದ ಮೇಲೆ ನನ್ನ ಹೆಂಡತಿ ಅದನ್ನು ಹಿಡಿದು ‘ಇದು ನಿಮ್ಮ ಮಗಳು’ ಎನ್ನುವಳು, ಅಮ್ಮ ‘ಮಗಳು’ ಎನ್ನುವಳು. ಗೆದ್ದೆವು ಎಂದುಕೊಂಡೆವು. ಹೋದ ವಾರ ಔಷಧಿ ಪೆಟ್ಟಿಗೆಯ ಹೊಳೆಯುವ ರಟ್ಟಿನ ಮುಚ್ಚಳ ಕಿತ್ತು ಬಿತ್ತು. ಅಮ್ಮ ಅದನ್ನೆತ್ತಿ ‘ಮಗಳು’ ಎಂದಳು. ಆಮೇಲೆ ಇಸ್ಪೀಟಿನ ರಾಜನೂ ಮಗಳಾದ. ‘ಹಾಗಾದ್ರೆ ಅತ್ತೇ, ನಿಮಗೆ ಐವತ್ತೆರಡು ಹೆಣ್ಣುಮಕ್ಕಳು’ ಎಂದು ನಕ್ಕ ಇವಳು ಅಡುಗೆಮನೆಗೆ ಹೋದವಳು ಬಹಳ ಹೊತ್ತು ಈಚೆಗೆ ಬರಲಿಲ್ಲ.

ಡಾಕ್ಟರು ಹೇಳಿದ್ದು: ‘ಕತ್ತರಿ ಅಂದ್ರೇನು ಅನ್ನೋದು ಮಿದುಳಲ್ಲಿ ಒಂದೇ ಕಡೆ ಇರಲ್ಲ. ನೋಡೋಕೆ ಹೇಗಿದೆ ಅನ್ನೋದು ಒಂದು ಕಡೆ, ಸದ್ದು ಒಂದು ಕಡೆ, ಹಿಡಿಯೋ ರೀತಿ ಮತ್ತೊಂದು ಕಡೆ. ಎಲ್ಲವನ್ನೂ ಸೇರಿಸೋ ಗಂಟು ಒಂದಿರುತ್ತೆ. ಇವರಿಗೆ ಅದು ಬಿಚ್ಚಿಕೊಳ್ತಾ ಇದೆ.’ ಅವರು ತೋರಿಸಿದ ಕತ್ತರಿಯನ್ನು ಅಮ್ಮ ಕಲ್ಲನ್ನು ನೋಡುವಂತೆ ನೋಡಿದಳು. ಕೈಗೆ ಕೊಟ್ಟದ್ದೇ ತಡ, ಬೆರಳುಗಳು ತಾವಾಗಿ ಒಳಹೊಕ್ಕು ಅವರ ಮೇಜಿನ ಬಟ್ಟೆಯನ್ನು ದಾರ ಹಿಡಿದಂತೆ ನೇರವಾಗಿ ಕತ್ತರಿಸಿಬಿಟ್ಟವು. ಜೀವಮಾನವೆಲ್ಲ ಬಟ್ಟೆ ಹೊಲಿದ ಕೈ. ಡಾಕ್ಟರು ಪಾಪ, ಬೇಡ ಎನ್ನಲಿಲ್ಲ.

ಅಂದರೆ ನಾವು ದಿನವೂ ಕಲಿಸಿದ್ದು ನಿನ್ನನ್ನಲ್ಲ, ಹೊಳೆಯುವ ಒಂದು ರಟ್ಟನ್ನು. ಅಮ್ಮನ ಮನಸ್ಸಲ್ಲಿ ನಿನಗೆ ಅಂಟಿಕೊಂಡಿದ್ದ ಉಳಿದದ್ದೆಲ್ಲ ಎಲ್ಲಿ ಹೋಯಿತೋ ಎಂದು ಕೂತಿದ್ದೆ. ನಿನ್ನೆ ಇವಳು ಹಾಸಿಗೆಯ ಅಂಚಿನಲ್ಲಿ ಅಮ್ಮನಿಗೆ ಬೆನ್ನು ಹಾಕಿ ಕೂತು ಬಟ್ಟೆ ಮಡಿಸುತ್ತಿದ್ದಳು. ಅಮ್ಮನ ಗೇಣು ಅಳತೆ ತೆಗೆಯುವಂತೆ ಇವಳ ಕತ್ತಿನ ಬುಡದಿಂದ ಬಲಭುಜದ ತುದಿಗೆ ಹೋಯಿತು, ಮರಳಿ ಎಡಕ್ಕೆ. ಅಲ್ಲೇ ತಡವರಿಸಿತು. ‘ಇದಲ್ಲ. ಈ ಕಡೆ ಇಳೀಬೇಕು’ ಎಂದಳು. ನೆನಪಾಯಿತೇ? ನೀನು ಕನ್ನಡಿಯ ಮುಂದೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ, ಅಮ್ಮ ಹಿಂದಿನಿಂದ ‘ನೆಟ್ಟಗೆ ನಿಲ್ಲೇ ತಕ್ಕಡಿ, ಯಾರಿಗೆ ತೂಗ್ತಾ ಇದೀಯ?’ ಎನ್ನುವಳು. ನಿನ್ನ ಒಂದೊಂದು ಬಟ್ಟೆಗೂ ಇಳಿದ ಎಡಭುಜದ ಕಡೆ ಒಳಗೊಂದು ಮೆತ್ತೆ ಸೇರಿಸಿ, ಊರಿಗೆಲ್ಲ ನಿನ್ನನ್ನು ಸರಿಸಮ ಮಾಡಿ ತೋರಿಸಿದಳು. ನಿನ್ನೆ ಯಾರನ್ನು ಹುಡುಕುತ್ತಿದ್ದೇನೆಂದು ಅಮ್ಮನಿಗೆ ತಿಳಿದಿತ್ತೆಂದು ನಾನು ಹೇಳಲಾರೆ. ಕೈಗೆ ತಿಳಿದಿತ್ತು.

ಭಾವನಿಗೆ ನಮ್ಮಿಬ್ಬರ ನಮಸ್ಕಾರ. ಅಮ್ಮನ ಆಶೀರ್ವಾದವನ್ನು ಅವಳ ಪರವಾಗಿ ನಾನೇ ಬರೆದಿದ್ದೇನೆ.

ನಿನ್ನ ತಮ್ಮ

ಮರೆತಿದ್ದೆ: ಬಂದಾಗ ಎದುರು ನಿಂತು ‘ನಾನ್ಯಾರು ಹೇಳು’ ಎನ್ನಬೇಡ. ಮೆತ್ತೆಯಿಲ್ಲದ ಬಟ್ಟೆ ಹಾಕಿಕೊಂಡು ಬಾ, ಬೆನ್ನು ತಿರುಗಿಸಿ ಸುಮ್ಮನೆ ಕೂರು. ತಡಮಾಡಬೇಡ. ಇವತ್ತು ಬೆಳಗ್ಗೆ ಕತ್ತರಿ ಕೊಟ್ಟರೆ ಅಮ್ಮ ಅಲಗಿನ ಕಡೆ ಹಿಡಿದಳು. ಇನ್ನೊಂದು, ಆ ವ್ಯಾಯಾಮದವರು ನಿನ್ನ ಎಡಭುಜವನ್ನು ನೆಟ್ಟಗೆ ಮಾಡಿಬಿಟ್ಟಿಲ್ಲ ತಾನೇ?