ಮುಲಾಮಿನ ವಾಸನೆ

ಮಾರ್ಚ್ ೧೧, ಮಂಗಳವಾರ

ಎರಡು ಸಲ ಸೋಪು ಹಾಕಿದರೂ ಕೈಯಿಂದ ಮುಲಾಮಿನ ವಾಸನೆ ಹೋಗುತ್ತಿಲ್ಲ.

ಬಾಡಿಗೆ ಉಳಿಸಲು ನಾನೂ ಗೆಳತಿ ‘ಕಡ್ಡಿ’ಯೂ ಪ್ರತಿ ಟೆನಿಸ್ ಟೂರ್ನಿಯಲ್ಲೂ ಒಂದೇ ಕೋಣೆ ಹಿಡಿಯುತ್ತೇವೆ. ನಿನ್ನೆ ಅವಳ ಬಲಭುಜ ತಿಕ್ಕಿದವಳು ನಾನೇ. ಎಲ್ಲಿ ಒತ್ತಿದರೆ ಪ್ರಾಣ ಹೋಗುತ್ತದೆಂದು ಬೆರಳಿಗೆ ಗೊತ್ತಿತ್ತು. ಇವತ್ತು ಮೊದಲ ಸುತ್ತಿನಲ್ಲಿ ಅವಳೇ ಎದುರಾಳಿ. ಪ್ರತಿ ಚೆಂಡನ್ನೂ ಆ ಭುಜಕ್ಕಿಂತ ಮೇಲೆಯೇ ಪುಟಿಸಿದೆ. ಅವಳು ಅತ್ತಳು. ಇನ್ನೂ ಮೇಲೆ ಪುಟಿಸಿದೆ. ಗೆದ್ದ ದುಡ್ಡು ರಾಕೆಟ್ಟಿನ ತಂತಿಗೇ ಸಾಲದು.

ಕೋಣೆಗೆ ಬಂದು ಅವಳು ಅದೇ ಭುಜ ಒಡ್ಡಿ ಕೂತಳು. "ತಿಕ್ಕೇ. ಜಾಗ ನಿಂಗೆ ಗೊತ್ತಲ್ಲ."

ತಿಕ್ಕಿದೆ.

"ನಾಳೆ ಡಬಲ್ಸಲ್ಲಿ ಮೇಲೆ ಬರೋ ಚೆಂಡೆಲ್ಲ ನೀನೇ ನೋಡ್ಕೋಬೇಕು ಕಣೇ, ನನ್ ಕೈ ಏಳಲ್ಲ."

ಕೂತ ಕೊಂಬೆಯನ್ನೇ ಕಡಿದಿದ್ದೇನೆ. ನಾಳೆ ನಾವಿಬ್ಬರೂ ಒಂದೇ ಜೋಡಿ. ನಮ್ಮೆದುರು ಆಡುವವರು ಇವತ್ತಿನ ಆಟವನ್ನು ಕೊನೆಯವರೆಗೂ ಕೂತು ನೋಡಿದರು.