ನೀನಿಲ್ಲದೆ ಆಡಿದ ಇಂಗ್ಲಿಷ್

ಲೋ ಬಾಯಿಬಡುಕ,

ಇದನ್ನು ನಿನಗೆ ಕಳಿಸುವುದಿಲ್ಲ, ಆದರೂ ಕೇಳು. ಪಾಲುದಾರಿಕೆ ಮುರಿದು ಹೊರಟ ದಿನ, "ನಾನಿಲ್ದೆ ಆ ಫಾರಿನ್ ಗಿರಾಕಿ ಹತ್ರ ಹೇಗ್ ಮಾತಾಡ್ತೀಯೋ ನೋಡ್ತೀನಿ" ಎಂದಿದ್ದೆಯಲ್ಲ? ಇವತ್ತು ಅವನು ಆರ್ಡರ್ ರದ್ದು ಮಾಡಲೆಂದೇ ವರ್ಕ್‌ಶಾಪಿಗೆ ಬಂದಿದ್ದ. ನಾಲ್ಕನೇ ಕ್ಲಾಸು ದಾಟದ ನಾನು, ಗೇರ್ ಚಕ್ರಗಳು ಒಂದು ವಾರ ತಡವಾಗುತ್ತವೆ, ಆದರೆ ಒಂದೂ ಕೆಟ್ಟು ವಾಪಸ್ ಬರುವುದಿಲ್ಲ ಎಂದು ಇಂಗ್ಲಿಷಿನಲ್ಲೇ ಹೇಳಿ ಒಪ್ಪಿಸಿದೆ. ಕಲಿಸಿದವಳು ಸೊಸೆ. "ಮಾವ, ಸಾರಿ ಅನ್ನೋದನ್ನ ಬೈದ ಹಾಗೆ ಹೇಳ್ಬೇಡಿ!" ಎಂದು ದಿನಾ ನನ್ನನ್ನೇ ಗದರುತ್ತಿದ್ದಳು. ಗಿರಾಕಿ ಕೈ ಕುಲುಕಿದಾಗ ಎದೆ ಉಬ್ಬಿತು ಕಣೋ.

ಹೊರಡುವಾಗ ಅವನು ನಿನ್ನ ಖಾಲಿ ಕುರ್ಚಿ ತೋರಿಸಿ, ನಿಮ್ಮ ಗೆಳೆಯ ಎಲ್ಲಿ ಎಂದು ಕೇಳಿದ. ಅದಕ್ಕೆ ಉತ್ತರವನ್ನು ಸೊಸೆ ಕಲಿಸಿರಲಿಲ್ಲ. ರಜೆಯಲ್ಲಿದ್ದಾನೆ, ಬರುತ್ತಾನೆ ಎಂದುಬಿಟ್ಟೆ.